ಮೀನಕ್ಕನ ಗಾಡಿ

ನೀಲಾ ಮದುವೆಯಾಗಿ ಬೈಲಹೊಂಗಲಕ್ಕೆ ಬಂದದ್ದು ಆ ಕೆಂಪು ಕಾರಿನಲ್ಲೇ. ತವರೂರು ತೊರಗಲ್ಲಿನಿಂದ ಹೊರಟ ಗಾಡಿ ಮನೆಯ ಮುಂದೆ ಬಂದು ನಿಂತಾಗ ಆರತಿ ತಟ್ಟೆ ಹಿಡಿದು ನಿಂತಿದ್ದ ಓಣಿಯ ಹೆಂಗಸರಲ್ಲಿ ಯಾರೋ ಒಬ್ಬಳು, "ಮೀನಕ್ಕನ ಗಾಡಿ ಬಂತ ನೋಡ್ರಿ" ಅಂದಳು. ಮದುಮಗಳು ಬಂದಳು ಅನ್ನಲಿಲ್ಲ, ಗಾಡಿ ಬಂತು ಅಂದಳು. ಬಾಗಿದ ತಲೆಯನ್ನು ಎತ್ತದೆಯೇ ನೀಲಾ ಆ ಮಾತನ್ನು ಕೇಳಿಸಿಕೊಂಡಳು. ಆ ಮಾತು ಅವಳ ಎದೆಯೊಳಗೆ ಮುಳ್ಳಿನ ಹಾಗೆ ಮುರಿದುಕೊಂಡು ಉಳಿಯಿತು.

ಮೀನಾ ಎಂದರೆ ನಿಜಗುಣಪ್ಪನ ಮೊದಲ ಹೆಂಡತಿ. ಮಕ್ಕಳಿರಲಿಲ್ಲ. ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಅವನು ಎರಡು ವರ್ಷ ಒಂಟಿಯಾಗಿದ್ದ. ಬಜಾರದಲ್ಲಿ ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ ನಡೆಸಿಕೊಂಡು, ಖಾನಾವಳಿಯ ರೊಟ್ಟಿ ತಿಂದುಕೊಂಡು. ನೀಲಾಳಿಗೂ ಮದುವೆಯ ವಯಸ್ಸು ಮೀರಿ ಹೋಗಿತ್ತು. ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲಿ ತವರಿನಲ್ಲೇ ಉಳಿದುಬಿಟ್ಟಿದ್ದ ಅವಳಿಗೆ ಈ ಸಂಬಂಧ ಬಂದಾಗ ಅಣ್ಣಂದಿರು ಹೂಂ ಅಂದರು, ಅವಳೂ ಹೂಂ ಅಂದಳು. ಗಂಡ ಕೆಟ್ಟವನಲ್ಲ. ಗದರಿದವನಲ್ಲ, ಕೈ ಎತ್ತಿದವನಲ್ಲ. ಸಂತೆಗೆ ಹೋದರೆ ಅವಳಿಗೆ ಇಷ್ಟವಾದ ಪೇರಲಹಣ್ಣು ತರುವುದನ್ನು ಮರೆತವನಲ್ಲ.

ಮೀನಾಳ ಫೋಟೋಕ್ಕೆ ನೀಲಾ ತಾನೇ ಹೂವಿನ ಮಾಲೆ ಹಾಕುತ್ತಿದ್ದಳು. ಮೀನಾಳ ಪಾತ್ರೆಯಲ್ಲಿ ಸಾರು ಕಾಯಿಸುತ್ತಿದ್ದಳು, ಮೀನಾಳ ಹೊಲಿಗೆ ಯಂತ್ರದಲ್ಲಿ ಕುಪ್ಪಸ ಹೊಲಿದುಕೊಳ್ಳುತ್ತಿದ್ದಳು. ಅದರಿಂದೆಲ್ಲ ಏನೂ ಅನ್ನಿಸುತ್ತಿರಲಿಲ್ಲ. ಆದರೆ ಆ ಕಾರು ಮಾತ್ರ ಅವಳಿಗೆ ಆಗುತ್ತಿರಲಿಲ್ಲ. ಫೋಟೋ ಗೋಡೆ ಬಿಟ್ಟು ಕದಲುವುದಿಲ್ಲ. ಈ ಗಾಡಿ ಊರೆಲ್ಲ ಓಡಾಡುತ್ತದೆ, ಹೋದಲ್ಲೆಲ್ಲ ಮೀನಾಳನ್ನು ಜೊತೆಗೆ ಕರೆದುಕೊಂಡೇ ಹೋಗುತ್ತದೆ.

ಮೀನಾ ಆ ಓಣಿಯಲ್ಲಿ ಕಾರು ನಡೆಸಿದ ಮೊದಲ ಹೆಣ್ಣುಮಗಳು. ಅವಳ ಅಪ್ಪ ರಾಮದುರ್ಗದಲ್ಲಿ ಸೀರೆ ವ್ಯಾಪಾರಿ. ಮಗಳಿಗೆ ಗಾಡಿ ಕೊಡಿಸಿದವನು ಅವನೇ. ಹಿಂದಿನ ಸೀಟಿನ ತುಂಬ ಕಸೂತಿ ಸೀರೆ, ಕುಪ್ಪಸದ ಬಟ್ಟೆ ಹೇರಿಕೊಂಡು ಅವಳು ಕಿತ್ತೂರು, ಸವದತ್ತಿ, ರಾಮದುರ್ಗ ಅಂತ ತಿರುಗಿ ವ್ಯಾಪಾರ ಮಾಡಿದ್ದಳು. ಸೀಟಿನ ಗವಸಿಗೆ ತಾನೇ ಹಾಕಿದ್ದ ಕಸೂತಿ ಈಗ ಮಾಸಿ ಹೋಗಿದ್ದರೂ ಗೋಪುರದ ಆಕಾರ ಇನ್ನೂ ಕಾಣುತ್ತಿತ್ತು. ಬಿಸಿಲು ಮರೆಮಾಡುವ ಪಟ್ಟಿಯ ಹಿಂದಿನ ಪುಟ್ಟ ಕನ್ನಡಿಯ ಮೂಲೆಗೆ ಅವಳು ಹಣೆಯಿಂದ ತೆಗೆದು ಅಂಟಿಸಿಟ್ಟಿದ್ದ ಕುಂಕುಮ ಬಣ್ಣದ ಟಿಕಲಿ ಹಾಗೇ ಇತ್ತು. ನಿಜಗುಣಪ್ಪ ಪ್ರತಿ ರವಿವಾರ ಗಾಡಿ ತೊಳೆಯುತ್ತಿದ್ದ, ಆದರೆ ಆ ಟಿಕಲಿಯನ್ನು ಮುಟ್ಟುತ್ತಿರಲಿಲ್ಲ. ಗಾಡಿ ನಡೆಸುವಾಗ ಅವನು ಮಾತು ಕಡಿಮೆ ಮಾಡುತ್ತಿದ್ದ. ಊರು ದಾಟಿದರೆ ಸಾಕು, ಬಾಯಿಗೆ ಬೀಗ. ಪಕ್ಕದಲ್ಲಿ ಕೂತ ನೀಲಾ ಜೋಳದ ಹೊಲಗಳನ್ನು ನೋಡುತ್ತ, "ಈಗ ಆಕಿ ಸಂಗಾಟ ಮಾತಾಡಾಕತ್ತಾರ" ಎಂದುಕೊಂಡು ಒಳಗೊಳಗೇ ಬೇಯುತ್ತಿದ್ದಳು. ಸವತಿ ಮಣ್ಣಿನ ಗೊಂಬೆಯಾದರೂ ಉರಿ ತಪ್ಪದು ಅನ್ನುತ್ತಾರೆ. ಇವಳ ಸವತಿ ತಗಡಿನವಳು.

ಆ ತಗಡಿನ ಸವತಿ ಒಂದು ದಿನ ಸವದತ್ತಿಯ ಹತ್ತಿರ ನಡುದಾರಿಯಲ್ಲಿ ನಿಂತುಬಿಟ್ಟಿತು.

ಸಂಬಂಧಿಕರ ಮನೆಯ ಶುಭಕಾರ್ಯ ಮುಗಿಸಿ ಗಂಡ ಹೆಂಡತಿ ವಾಪಸು ಬರುತ್ತಿದ್ದರು. ಏರಿನಲ್ಲಿ ಗಾಡಿ ಕೊಸರಾಡಿತು, ಬಾನೆಟ್ಟಿನ ಸಂದಿಯಿಂದ ಬಿಳಿ ಹಬೆ ಎದ್ದಿತು. ನಿಜಗುಣಪ್ಪ ಪಕ್ಕಕ್ಕೆ ನಿಲ್ಲಿಸಿ ಇಳಿದು, ಹಬೆ ತಗ್ಗುವ ತನಕ ಸುತ್ತು ಹಾಕಿದ. ರಸ್ತೆಯ ಬದಿಗೆ ತಗಡಿನ ಚಪ್ಪರ ಹಾಕಿಕೊಂಡು ಚಹಾ ಮಾರುತ್ತಿದ್ದ ಶಟ್ಟೆವ್ವ ಎಂಬ ಹೆಂಗಸು ನೀರಿನ ಕೊಡ ಹಿಡಿದು ಬಂದವಳು ಗಾಡಿಯನ್ನು ನೋಡುತ್ತಲೇ ಅರಳಿದಳು.

"ಅಯ್ಯ, ಇದು ಮೀನಕ್ಕನ ಗಾಡಿ ಅಲ್ಲೇನ್ರಿ?"

"ಹೌದ್ರಿ," ಅಂದ ನಿಜಗುಣಪ್ಪ.

"ಯಪ್ಪಾ, ಈ ಗಾಡ್ಯಾಗ ನಾ ಮಕ್ಕೊಂಡ ಹೋಗೇನಿ! ನನ್ನ ಸಣ್ಣ ಮಗಳ ಹುಟ್ಟೂ ಹೊತ್ತಿನ್ಯಾಗ ಬ್ಯಾನಿ ಎದ್ದಿತ್ತು, ಒಂದೂ ಗಾಡಿ ನಿಲ್ಲವೊಲ್ವು. ಮೀನಕ್ಕ ನಿಂತ್ಲು. ಸೀರಿ ಗಂಟೆಲ್ಲಾ ಇಲ್ಲೇ ನನ್ನ ಅಂಗಡ್ಯಾಗ ಒಗದು, ನನ್ನ ಹಿಂದ ಮಲಗಿಸಿಕೊಂಡು ಸವದತ್ತಿ ದವಾಖಾನಿ ಮುಟ್ಟಿಸಿದ್ಲು. ಮಗಳಿಗಿ ಆಕಿ ಹೆಸರ ಇಟ್ಟೇನ್ರಿ. ಹೆಂಗದಾಳ್ರಿ ಅಕ್ಕ?"

ನಿಜಗುಣಪ್ಪ ಹೇಳಿದ. ಶಟ್ಟೆವ್ವ ಕೊಡವನ್ನು ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದಳು. ಅಳುತ್ತಲೇ ಗಾಡಿಯ ಬಾಗಿಲನ್ನು ಸವರಿದಳು. ನಿಜಗುಣಪ್ಪನ ಕಣ್ಣೂ ತೇವವಾದವು. ಬಿಸಿಲಿನಲ್ಲಿ ನಿಂತಿದ್ದ ನೀಲಾಳನ್ನು ಇಬ್ಬರೂ ಮರೆತೇಬಿಟ್ಟಿದ್ದರು. ಎಷ್ಟೋ ಹೊತ್ತಿನ ಮೇಲೆ ಶಟ್ಟೆವ್ವ ತಿರುಗಿ, "ಇವರ್ಯಾರ್ರಿ?" ಎಂದು ಕೇಳಿದಳು.

"ನಾ ಇವರ ಮನಿಯಾಕಿ," ಎಂದು ನೀಲಾ ತಾನೇ ಹೇಳಿದಳು. ತನ್ನ ದನಿ ತನಗೇ ಒರಟಾಗಿ ಕೇಳಿಸಿತು.

ಗಾಡಿಯನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಬೈಲಹೊಂಗಲಕ್ಕೆ ಎಳೆತಂದರು. ಟ್ರ್ಯಾಕ್ಟರಿನವನಿಗೂ ಗಾಡಿಯ ಗುರುತಿತ್ತು.

ಗ್ಯಾರೇಜಿನ ಸಂಜು ಎಂಜಿನ್ ಬಿಚ್ಚಿ ನೋಡಿದ. ಅವನ ಮಾತು ಅತ್ತಲೂ ಇರಲಿಲ್ಲ, ಇತ್ತಲೂ ಇರಲಿಲ್ಲ. "ಗ್ಯಾಸ್ಕೆಟ್ ಸುಟ್ಟೈತ್ರಿ, ಹೆಡ್ ಬಾಗೇತಿ. ಇಂಜಿನ್ ಇಳಿಸಿ ಪೂರಾ ಕೆಲಸ ಮಾಡಬೇಕು. ಮಾಡಿದ್ರ ಇನ್ನ ನಾಕೈದು ವರ್ಷ ಚಿಂತಿಲ್ಲ, ಬಾಡಿ ಇನ್ನೂ ಗಟ್ಟಿ ಐತಿ. ಆದ್ರ ಸಾವ್ಕಾರ್ರ, ಖರೆ ಹೇಳ್ತೇನಿ, ಮಾರಾಕ ಹೋದ್ರ ಗಾಡಿಗಿ ಬರೂದಕ್ಕಿಂತ ರಿಪೇರಿ ಖರ್ಚ ಜಾಸ್ತಿ ಆಕ್ಕೈತಿ. ಮತ್ತ ಮುಂದಿನ ವರ್ಷ ಆರ್‌ಟಿಓ ಕಚೇರ್ಯಾಗ ಪಾಸಿಂಗೂ ಮಾಡಿಸಬೇಕು. ನಿಮ್ಮ ವಿಚಾರ."

ಆ ವಾರವೆಲ್ಲ ನಿಜಗುಣಪ್ಪನ ಅಂಗಡಿಯಲ್ಲಿ ಅದೇ ಮಾತು. ಪೈಪು ಕೊಳ್ಳಲು ಬಂದವರೂ ಕುಳಿತು ಸಲಹೆ ಕೊಟ್ಟರು. ಮುದಿ ಎತ್ತಿಗೆ ಹಿಂಡಿ ಹಾಕಿದರೆ ಉಳುಮೆ ಆದೀತೇ ಅಂದರು ಕೆಲವರು. ಹಳೆಯ ಗಾಡಿಯ ತಗಡು ಈಗಿನ ಗಾಡಿಗಳಿಗೆಲ್ಲಿ ಬರಬೇಕು ಅಂದರು ಇನ್ನು ಕೆಲವರು. ಒಬ್ಬನಂತೂ ಹೊಸ ಕಾರುಗಳ ಚಿತ್ರಗಳನ್ನು ಮೊಬೈಲಿನಲ್ಲಿ ತೆಗೆದು ತೋರಿಸಿ, ಚಾವಿ ಇಲ್ಲದೆಯೇ ಗುಂಡಿ ಒತ್ತಿದರೆ ಹೇಗೆ ಚಾಲೂ ಆಗುತ್ತದೆ ಎಂದು ವಿವರಿಸಿದ. ನಿಜಗುಣಪ್ಪ ಎಲ್ಲರ ಮಾತಿಗೂ ತಲೆಯಾಡಿಸಿ ಮನೆಗೆ ಬಂದ.

"ನೀ ಏನಂತಿ?" ಎಂದು ಊಟಕ್ಕೆ ಕೂತಾಗ ಹೆಂಡತಿಯನ್ನು ಕೇಳಿದ.

ಈ ಒಂದು ಪ್ರಶ್ನೆಗಾಗಿ ನೀಲಾ ನಾಲ್ಕು ವರ್ಷ ಕಾದಿದ್ದಳು. ಗುಜರಿಗೆ ಹಾಕ್ರಿ, ಸುಟ್ಟ ಹಾಕ್ರಿ, ಮಲಪ್ರಭೆಗಿ ನೂಕ್ರಿ ಎಂದು ಕಿರುಚಬೇಕೆನ್ನಿಸಿತು. ಆದರೆ ಸತ್ತವಳ ಮೇಲೆ ಹೊಟ್ಟೆಕಿಚ್ಚು ಪಡುವವಳು ಅನ್ನಿಸಿಕೊಳ್ಳಲು ನಾಚಿಕೆಯಾಯಿತು. ರೊಟ್ಟಿ ಬಡಿಯುತ್ತಲೇ, "ನಿಮ್ಮ ಮನಸಿಗಿ ಬಂದಂಗ ಮಾಡ್ರಿ. ಆದ್ರ ಹ್ವಾದ ಜೀವಕ್ಕ ಎಷ್ಟ ಔಷಧ ಹಾಕಿದ್ರೇನು" ಅಂದಳು.

ಅವನು, "ಹಂಗಾದ್ರ ರಾಮದುರ್ಗಕ್ಕ ಹೋಗಿ ಅತ್ತಿಯವರನ್ನ ಒಂದ ಮಾತ ಕೇಳೂಣು. ಅವರ ಮನಿಯಿಂದ ಬಂದ ಗಾಡಿ ಅಲ್ಲ?" ಅಂದ.

ನೀಲಾಳ ಕೈ ನಿಂತಿತು. ಅತ್ತಿ! ಮೀನಾಳ ತಾಯಿ ಇನ್ನೂ ಇವನಿಗೆ ಅತ್ತಿ. ಹೆಂಡತಿಯ ಮಾತು ಸಾಲಲಿಲ್ಲ, ಸತ್ತ ಹೆಂಡತಿಯ ತಾಯಿಯ ಅಪ್ಪಣೆ ಬೇಕು. ಆ ಮುದುಕಿ ಬೇಡ ಅಂದರೆ? ಆಗ ಆ ಗಾಡಿ ಇನ್ನೂ ನಾಲ್ಕೈದು ವರ್ಷ ಮನೆಯ ಮುಂದೆ ನಿಂತು ತನ್ನನ್ನು ಅಣಕಿಸುತ್ತದೆ. ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು.

ಕಿತ್ತೂರಿನ ಹೆದ್ದಾರಿಯ ಪಕ್ಕ ಹಳೆಯ ಗಾಡಿ ಒಡೆದು ಬಿಡಿಭಾಗ ಮಾರುವ ಕಾಡಪ್ಪ ಎಂಬವನು ಎರಡು ದಿನದ ಹಿಂದೆ ಅಂಗಡಿಗೆ ಬಂದು ಹೋಗಿದ್ದ. ವಿಚಾರ ಮಾಡಿ ಹೇಳುತ್ತೇನೆಂದು ನಿಜಗುಣಪ್ಪ ಅವನ ನಂಬರು ಬರೆದಿಟ್ಟುಕೊಂಡಿದ್ದ. ಮರುದಿನ ರಾಮದುರ್ಗದ ಬಸ್ಸಿಗೆ ಹೊರಡುವ ಮುಂಚೆ, ಗಂಡ ಸ್ನಾನಕ್ಕೆ ಹೋದಾಗ ನೀಲಾ ಕಾಡಪ್ಪನಿಗೆ ಫೋನು ಹಚ್ಚಿದಳು. ಗಾಡಿ ಸಂಜುನ ಗ್ಯಾರೇಜಿನಲ್ಲಿದೆ, ಇವತ್ತೇ ಒಯ್ಯಿರಿ, ಕಾಗದಪತ್ರ ಆಮೇಲೆ ನೋಡೋಣ ಅಂದಳು. ಸಂಜುಗೂ ಫೋನು ಮಾಡಿ, "ಯಜಮಾನ್ರು ಹೂಂ ಅಂದಾರಪಾ, ಕಿತ್ತೂರಿನವರ ಬಂದ್ರ ಕೊಟ್ಟ ಕಳಸು" ಅಂದಳು. ಅಷ್ಟು ಸಲೀಸಾಗಿ ಸುಳ್ಳು ಹೇಳಲು ತನಗೆ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಮೈ ಹಗುರಾಗಿತ್ತು. ಶಟ್ಟೆವ್ವನ ಚಪ್ಪರ ದಾಟುವಾಗಲೂ ಅವಳು ಮುಖ ತಿರುಗಿಸಲಿಲ್ಲ.

ರಾಮದುರ್ಗದಲ್ಲಿ ಮೀನಾಳ ತಾಯಿ ಸತ್ಯವ್ವ ಮಗ ಸೊಸೆಯರ ಜೊತೆ ಇದ್ದಳು. ಗಂಡ ಹೋದ ಮೇಲೂ ಸೀರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ತಾನೇ ಕೂರುವ ಗಟ್ಟಿಗಿತ್ತಿ. ನೀಲಾಳನ್ನು ಕಂಡವಳೇ, "ಬಾ ಮಗಳ" ಎಂದು ಕೈ ಹಿಡಿದು ಒಳಗೆ ಕರೆದುಕೊಂಡಳು. ಶೇಂಗಾ ಹೋಳಿಗೆ ಮಾಡಿಸಿದ್ದಳು. ನಿಜಗುಣಪ್ಪ ಊಟದ ನಡುವೆ ಗಾಡಿಯ ವಿಷಯ ತೆಗೆದ. ರಿಪೇರಿಯೋ ಮಾರಾಟವೋ ನೀವೇ ಹೇಳಿರಿ ಅಂದ.

"ನನ್ನ ಯಾಕ ಕೇಳ್ತಿಯಪಾ?" ಎಂದಳು ಸತ್ಯವ್ವ. "ತಗಡಿನ ಸಾಮಾನ ಅದು. ಅದರಾಗ ಕುಂಡ್ರಾಕಿ ನೀಲಾ. ಆಕೀನ್ನ ಕೇಳು."

ನೀಲಾ ಬಾಯಿಗೊಯ್ದ ಹೋಳಿಗೆಯನ್ನು ತಟ್ಟೆಗೆ ಇಳಿಸಿದಳು.

ಮಧ್ಯಾಹ್ನ ನಿಜಗುಣಪ್ಪ ಭಾವಮೈದುನನ ಜೊತೆ ಅಂಗಡಿಯ ಕಡೆ ಹೋದ. ಹಿತ್ತಲ ಕಟ್ಟೆಯ ಮೇಲೆ ಕೂತು ಮೆಂತ್ಯ ಸೋಸುತ್ತಿದ್ದ ಸತ್ಯವ್ವನ ಪಕ್ಕದಲ್ಲಿ ನೀಲಾ ಕೂತಳು. ಮುಚ್ಚಿಟ್ಟುಕೊಳ್ಳಲಾಗದೆ, "ಅವರಿಗಿ ಆ ಗಾಡಿ ಮ್ಯಾಲ ಭಾಳ ಜೀವ ಐತ್ರಿ ಅವ್ವಾರ. ಮೀನಕ್ಕನ ನೆನಪ ಅಲ್ಲ?" ಅಂದಳು.

ಸತ್ಯವ್ವ ನಕ್ಕಳು. "ಜೀವ? ನಿನ್ನ ಗಂಡ ಆ ಗಾಡಿ ಕಂಡ್ರ ಉರದ ಬೀಳತಿದ್ದ, ಯವ್ವಾ."

"ಏನಂದ್ರಿ?"

"ಖರೇನ ಹೇಳ್ತೇನಿ. ನಮ್ಮ ಯಜಮಾನ್ರು ಗಾಡಿ ಕೊಡಿಸಿದಾಗ ಇವಗ ನಡಸಾಕ ಬರತಿದ್ದಿಲ್ಲ. ಕಲೀ ಅಂದ್ರ ಕಲೀಲಿಲ್ಲ. ಮೀನಾ ಕಲತ್ಲು. ಆಕಿ ನಡಸಾಕಿ, ಇವ ಬಾಜೂಕ ಕುಂಡ್ರಾಂವ. ಮಂದಿ ಬಿಡತಾರೇನ? ಮೀನಕ್ಕನ ಗಾಡಿ, ಮೀನಕ್ಕನ ಗಂಡ ಅಂತ ಹೆಸರ ಇಟ್ರು. ಅದಕ್ಕ ಇವ ಚಾವಿ ಬಚ್ಚಿಡತಿದ್ದ. ಜ್ವಾಳದ ಚೀಲದಾಗ! ಹೇಳಿ ಹೇಳಿ ನಗತಿದ್ಲು ನನ್ನ ಮಗಳು. ಒಂದಿನ ಸುಮ್ಮನ ಹೋಗಿ ಇನ್ನೊಂದ ಚಾವಿ ಮಾಡಿಸಿಕೊಂಡು ಬಂದಿದ್ಲು."

"ಮತ್ತ ಅವರ ಯಾವಾಗ ಕಲತ್ರು?"

ಸತ್ಯವ್ವನ ಕೈಯಲ್ಲಿ ಮೆಂತ್ಯದ ಕಡ್ಡಿ ನಿಂತಿತು. "ಆಕಿ ಜಡ್ಡಾದ ಮ್ಯಾಲ. ಬೆಳಗಾವಿ ದವಾಖಾನಿಗಿ ಒಯ್ಯಾಕ ಬೇಕಲ್ಲ. ಆಕೀನ ಬಾಜೂಕ ಕುಂತು, ಉಸಿರು ಹಿಡಿದು, ಗೇರ್ ಹಾಕೂದ ಹೇಳಿಕೊಡತಿದ್ಲು. ಆಕಿ ಹ್ವಾದ ಮ್ಯಾಲ ಮಾರು ಅಂದೆ, ಮಾರಲಿಲ್ಲ. ಪ್ರೀತಿನೋ, ಕಡೀಗೆ ತನ್ನ ಕೈಗಿ ಬಂದದ್ದನ್ನ ಬಿಡಲಾರದ ಹಟಾನೋ, ನನಗೂ ತಿಳದಿಲ್ಲ."

ನೀಲಾಳಿಗೆ ಮೊದಲು ಆದದ್ದು ಸಂತೋಷ. ಒಳ್ಳೆಯ ಸಂತೋಷವಲ್ಲ, ಕೆಟ್ಟದ್ದು. ಹಾಗಾದರೆ ಅವರ ಸಂಸಾರ ತಾನು ತಿಳಿದಷ್ಟು ಸಿಹಿಯಾಗಿರಲಿಲ್ಲ, ಅವರೂ ಜಗಳಾಡುತ್ತಿದ್ದರು. ಗಾಡಿಯಲ್ಲಿ ಅವನು ಮೌನವಾಗುತ್ತಿದ್ದುದು ಮೀನಾಳ ಜೊತೆ ಮಾತಾಡಲು ಅಲ್ಲದೆಯೂ ಇರಬಹುದು. ಎಷ್ಟೋ ದಿನದಿಂದ ಹೊತ್ತ ಹೊರೆ ಇಳಿದ ಹಾಗೆ ಅವಳು ಉಸಿರುಬಿಟ್ಟಳು. ಆಮೇಲೆ, ತಾನು ಕೇಳಬೇಕೆಂದುಕೊಂಡಿರದ ಪ್ರಶ್ನೆಯೊಂದು ಬಾಯಿಂದ ಜಾರಿಬಿಟ್ಟಿತು.

"ಮೀನಕ್ಕಗ ಕಲಿಯಾಕ ಎಷ್ಟ ದಿನ ಹಿಡೀತ್ರಿ?"

ಸತ್ಯವ್ವ ಅವಳ ಮುಖವನ್ನೇ ನೋಡಿದಳು. "ಯಾಕ? ನಿನಗೂ ಕಲಿಯೂ ಆಸೆ ಐತೇನ?"

"ಇಲ್ಲ್ರಿ," ಎಂದಳು ನೀಲಾ. ಆದರೆ ಮುಖ ಬಿಸಿಯಾಯಿತು. ತಾನು ಇಷ್ಟು ವರ್ಷ ಹೊಟ್ಟೆ ಉರಿದುಕೊಂಡದ್ದು ಗಂಡನ ಮೊದಲ ಹೆಂಡತಿಯ ಮೇಲೋ, ಸೀರೆ ಗಂಟು ಹೇರಿಕೊಂಡು ಬೇಕಾದ ಊರಿಗೆ ಬೇಕಾದಾಗ ಹೊರಟು, ಬೇನೆ ತಿನ್ನುವವಳನ್ನು ಕಂಡು ಗಾಡಿ ನಿಲ್ಲಿಸಿದ ಆ ಹೆಂಗಸಿನ ಮೇಲೋ? ತಾನು ತೊರಗಲ್ಲಿನಲ್ಲಿ ತಾಯಿಯ ಹಾಸಿಗೆಯ ಪಕ್ಕ ಕೂತಿದ್ದಾಗ, ಬೈಲಹೊಂಗಲದ ಅಡುಗೆಮನೆಯಲ್ಲಿ ಸಂಜೆಗಾಗಿ ಕಾದಿದ್ದಾಗ, ಯಾರೂ ತನ್ನನ್ನು ಎಲ್ಲಿಗೆ ಹೋಗಬೇಕು ಎಂದು ಕೇಳಿರಲಿಲ್ಲ. ತಾನೂ ಕೇಳಿಕೊಂಡಿರಲಿಲ್ಲ.

ಎದ್ದು ಹೋಗಿ ಗೋಡೆಯ ಮರೆಯಲ್ಲಿ ನಿಂತು, ಗಾಡಿ ಕೊಡಬೇಡ ಅನ್ನಲು ಸಂಜುಗೆ ಫೋನು ಹಚ್ಚಿದಳು.

"ಗಾಡಿ ಆಗಳೇ ಒಯ್ದ್ರಲ್ರೀ ಅಕ್ಕಾರ," ಅಂದ ಸಂಜು. "ನೀವ ಹೇಳಿದ್ರಲ್ಲ."

ಮರುದಿನ ಮರಳುವ ಬಸ್ಸಿನಲ್ಲಿ ನೀಲಾ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಎಲ್ಲರ ಮುಂದೆ ಕೂಗಾಡುತ್ತಾನೆ, ಇಲ್ಲವೇ ತಿಂಗಳುಗಟ್ಟಲೆ ಮಾತು ಬಿಡುತ್ತಾನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ನಿಜಗುಣಪ್ಪ ಕಿಟಕಿಯ ಹೊರಗೆ ನೋಡಿದ. ಒಂದು ಊರು ದಾಟುವ ತನಕ ನೋಡಿದ. ಆಮೇಲೆ ಅವನ ಹೆಗಲು ಸಡಿಲವಾದವು.

"ಹೋಗ್ಲಿ ಬಿಡು. ಒಂದ ಲೆಕ್ಕಕ್ಕ ಚಲೋನ ಆತು," ಎಂದ. "ನನ್ನ ಕೈಲೆ ಆಗತಿದ್ದಿಲ್ಲ ಅದು."

ಅಷ್ಟೇ ಅಲ್ಲ, ಮುಖದಲ್ಲಿ ಒಂದು ಬಗೆಯ ಕಳೆ ಬಂತು. ಹೊಸ ಗಾಡಿಯ ಮಾತು ತೆಗೆದ. ಬಿಳಿಯದು ತರೋಣ, ಗೇರಿನ ಕಾಟವಿಲ್ಲದ್ದು ತರೋಣ ಅಂದ. ದಾರಿಯಲ್ಲಿ ಗಾಡಿಗಳು ಎದುರಾದಾಗಲೆಲ್ಲ ಬೆರಳು ಮಾಡಿ ತೋರಿಸಿದ. ನಾಲ್ಕು ವರ್ಷದಲ್ಲಿ ಪ್ರಯಾಣದ ಹೊತ್ತಿನಲ್ಲಿ ಅವನು ಇಷ್ಟು ಮಾತಾಡಿದ್ದನ್ನು ನೀಲಾ ಕಂಡಿರಲಿಲ್ಲ. ತಾನು ಬಯಸಿದ್ದು ಇದನ್ನೇ ಅಲ್ಲವೇ? ಸವತಿ ಹೋದಳು, ಗಂಡ ಪಕ್ಕದಲ್ಲಿ ಕೂತು ಮಾತಾಡುತ್ತಿದ್ದಾನೆ.

"ಹೊಸಾದು ಬಂದ್ರ ನಾನೂ ಕಲೀತೇನ್ರಿ," ಎಂದಳು.

ಅವನ ಬೆರಳು ಅರ್ಧಕ್ಕೆ ಇಳಿಯಿತು. ನಗು ಹಾಗೇ ಇತ್ತು, ಆದರೆ ಕಣ್ಣಿನಲ್ಲಿರಲಿಲ್ಲ. "ನೀ ಯಾಕ ಕಲೀತಿ? ನಾ ಇಲ್ಲೇನ?"

ಹೊಟ್ಟೆಕಿಚ್ಚಿನ ಆ ಮುಖವನ್ನು ನೀಲಾ ಚೆನ್ನಾಗಿ ಬಲ್ಲಳು. ನಾಲ್ಕು ವರ್ಷ ದಿನವೂ ಕನ್ನಡಿಯಲ್ಲಿ ಕಂಡಿದ್ದಳು.

ಮನೆಗೆ ಹೋಗಿ ಬಾಗಿಲು ತೆಗೆದು, ಅವನಿಗೆ ಚಹಾ ಮಾಡಿ ಕೊಟ್ಟು, ನೀಲಾ ಸೀರೆ ಬದಲಿಸಿ ಒಬ್ಬಳೇ ಕಿತ್ತೂರಿನ ಬಸ್ಸು ಹತ್ತಿದಳು.

ಕಾಡಪ್ಪನ ಜಾಗ ಹೆದ್ದಾರಿಯ ಬದಿಗೇ ಇತ್ತು. ಬೇಲಿಯೊಳಗೆ ಬಾಗಿಲಿಲ್ಲದ, ಮೂತಿಯಿಲ್ಲದ ಗಾಡಿಗಳು. ಹೊರಗೆ ಲಾರಿಗಳು ಬಿರುಗಾಳಿಯಂತೆ ಹಾಯುತ್ತಿದ್ದವು. ಕೆಂಪು ಕಾರು ಗಾಲಿ ಕಳಚಿಕೊಂಡು ಕಲ್ಲುಗಳ ಮೇಲೆ ಕೂತಿತ್ತು. ಸೀಟುಗಳನ್ನು ಕಿತ್ತು ಬೇವಿನ ಮರಕ್ಕೆ ಒರಗಿಸಿದ್ದರು. ಬಿಸಿಲಿನಲ್ಲಿ ಕಸೂತಿಯ ಗೋಪುರಗಳು ಎಂದಿಗಿಂತ ನಿಚ್ಚಳವಾಗಿ ಕಾಣುತ್ತಿದ್ದವು. ಎಷ್ಟು ಚೆನ್ನಾಗಿ ಹಾಕಿದ್ದಾಳೆ ಎಂದು ನೀಲಾಳಿಗೆ ಮೊದಲ ಸಲ ಅನ್ನಿಸಿತು. ಅನ್ನಿಸಿದ ಕೂಡಲೇ ಸಣ್ಣಗೆ ಉರಿಯೂ ಎದ್ದಿತು. ತನ್ನ ಕೈಗೆ ಅಷ್ಟು ನೇರ ಹೊಲಿಗೆ ಬರುವುದಿಲ್ಲ.

"ಅಕ್ಕಾರ, ಒಯ್ಯಿ ಅಂದವರ ನೀವ," ಎಂದ ಕಾಡಪ್ಪ. "ನಮ್ಮ ಆಳು, ಟೆಂಪೋ, ಎಲ್ಲಾ ದಂಡ ಆತಲ್ರಿ."

"ನಾನ ಅಂದಿದ್ದೆ. ಈಗ ನಾನ ವಾಪಸ್ ಕೇಳಾಕತ್ತೇನಿ. ನಿಮಗ ಬಂದ ಖರ್ಚ ಕೊಡ್ತೇನಿ. ಗಾಲಿ ಹಾಕಿ ಕೊಡ್ರಿ."

"ಅಲ್ರಿ, ಈ ಗಾಡಿ ಮ್ಯಾಲ ಇಷ್ಟ ಯಾಕ್ರಿ? ಯಾರರ ಕಾಣಿಕಿ ಕೊಟ್ಟಿದ್ದೇನ?"

"ಕಲಿಯಾಕ ಬೇಕಾಗೇತ್ರಿ," ಎಂದಳು ನೀಲಾ. ಕಾಡಪ್ಪ ನಗಲಿಲ್ಲ. ಕಲಿಯುವುದಕ್ಕೆ ಹಳೆಯ ಗಾಡಿಯೇ ಸರಿ, ಅಲ್ಲಲ್ಲಿ ತಾಗಿದರೂ ಯಾರೂ ಅಳುವುದಿಲ್ಲ ಎಂದು ಗೊಣಗುತ್ತಲೇ ಆಳನ್ನು ಕೂಗಿದ.

ರಿಪೇರಿಗೆ ನೀಲಾ ತೊರಗಲ್ಲಿನ ತನ್ನ ಪಾಲಿನ ಹೊಲವನ್ನು ಗೇಣಿಗೆ ಕೊಟ್ಟು ಬಂದ ಲಾವಣಿಯ ಹಣವನ್ನು ತೆಗೆದಳು. ಇದು ಲೆಕ್ಕಕ್ಕೆ ಕೂಡುವ ಕೆಲಸವಲ್ಲ ಎಂದು ಸಂಜು ಮತ್ತೊಮ್ಮೆ ಹೇಳಿದ. ಎಷ್ಟಕ್ಕೆ ಕೊಳ್ಳುತ್ತಾರೆ ಎಂಬುದು ಮಾರುವವರ ಲೆಕ್ಕ, ನಾನು ಮಾರುವುದಿಲ್ಲ ಎಂದಳು ಅವಳು. ಎಂಜಿನ್ ಇಳಿಯಿತು, ಏರಿತು. ಡ್ರೈವಿಂಗ್ ಶಾಲೆಯಲ್ಲಿ ಹೆಸರು ಹಚ್ಚಿ ಲೈಸೆನ್ಸು ಮಾಡಿಸಿಕೊಂಡಳು. ಸಂಜೆ ಊರ ಶಾಲೆಯ ಮೈದಾನದಲ್ಲಿ ಕೆಂಪು ಗಾಡಿಯನ್ನು ಸುತ್ತು ಹೊಡೆಸಿದಳು. ಮೀನಕ್ಕ ಎಂಟೇ ದಿನಕ್ಕೆ ಬಜಾರಕ್ಕೆ ಗಾಡಿ ತಂದಿದ್ದಳು ಎಂದು ಸಂಜು ಬಾಯಿ ತಪ್ಪಿ ಹೇಳಿದ ದಿನ ನೀಲಾ ಊಟ ಮಾಡಲಿಲ್ಲ.

ನಿಜಗುಣಪ್ಪ ಗಾಡಿ ಹತ್ತಲಿಲ್ಲ. ಅಂಗಡಿಗೆ ನಡೆದು ಹೋದ, ಧಾರವಾಡಕ್ಕೆ ಬಸ್ಸಿನಲ್ಲಿ ಹೋದ. ಹೊಸ ಗಾಡಿಯ ಮಾತನ್ನೂ ಬಿಟ್ಟ. ಅಂಗಡಿಯಲ್ಲಿ ಯಾರೋ, "ಏನ್ರಿ ಸಾವ್ಕಾರ್ರ, ಮತ್ತ ಬಾಜೂಕ ಕುಂಡ್ರೂ ಕಾಲ ಬಂತು" ಎಂದು ನಕ್ಕರಂತೆ. ಮರುದಿನ ಬೆಳಿಗ್ಗೆ ಗೂಟಕ್ಕೆ ತೂಗಿಹಾಕಿದ್ದ ಚಾವಿ ಇರಲಿಲ್ಲ. ನಿಜಗುಣಪ್ಪ ಪೇಪರು ಓದುತ್ತಿದ್ದ, ತಲೆ ಎತ್ತಲಿಲ್ಲ. ನೀಲಾ ಕೇಳಲೂ ಇಲ್ಲ. ನೇರ ಉಗ್ರಾಣಕ್ಕೆ ಹೋಗಿ, ಜೋಳದ ಚೀಲದ ಬಾಯಿ ಬಿಚ್ಚಿ, ಮೊಣಕೈ ತನಕ ಕೈ ಇಳಿಸಿ ತಡಕಾಡಿದಳು. ಹೊಟ್ಟು ಮೆತ್ತಿದ ಚಾವಿಯನ್ನು ತಂದು ಅವನ ಪೇಪರಿನ ಮೇಲೆ ಇಟ್ಟಳು.

ಅವನ ಮುಖ ಕಪ್ಪಿಟ್ಟಿತು. "ಯಾರ ಹೇಳಿದ್ರ ನಿನಗ?"

"ರಾಮದುರ್ಗದ ಅವ್ವ."

ಅವನು ಚಾವಿಗೆ ಮೆತ್ತಿದ ಹೊಟ್ಟನ್ನು ಬೆರಳಿನಿಂದ ಒರೆಸಿದ. "ನನಗ ಏನ ಆಕ್ಕೈತೋ ನೀಲಾ," ಎಂದ. "ಬ್ಯಾಡ ಅಂತ ತಿಳೀತೈತಿ. ಆದ್ರ ನೀ ಗಾಡಿ ತಿರಿವಿಕೊಂಡು ಹೋಗೂದ ನೋಡಿದ್ರ, ನನ್ನ ಬಿಟ್ಟ ಹೋಗಾಕತ್ತೀ ಅನಸತೈತಿ. ಆಕಿ ಹೋಗೂವಾಗನೂ ಹಂಗ ಅನಸತಿತ್ತು. ಕಡೀಕ ಆಕಿ ಹೋಗೇಬಿಟ್ಲು."

ನೀಲಾ ನೆಲದ ಮೇಲೆ ಕೂತಳು. "ನನಗೂ ಹೊಟ್ಟಿ ಉರೀತಿತ್ರಿ. ಮೀನಕ್ಕನ ಮ್ಯಾಲ."

"ಸತ್ತಾಕಿ ಮ್ಯಾಲ?" ಅವನು ನಿಜಕ್ಕೂ ಬೆರಗಾಗಿ ಕೇಳಿದ. ನಾಲ್ಕು ವರ್ಷ ಒಂದೇ ಗಾಡಿಯಲ್ಲಿ ಪಕ್ಕದಲ್ಲಿ ಕೂತಿದ್ದರೂ ಅದು ಅವನಿಗೆ ಹೊಳೆದಿರಲಿಲ್ಲ. "ಅದಕ್ಕ ಗುಜರಿಗಿ ಕೊಟ್ಟೇನ?"

"ಅದಕ್ಕ ಕೊಟ್ಟೆ."

ಮುಂದೆ ಅವರು ಆ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಅವನ ಉರಿ ಒಂದೇ ದಿನಕ್ಕೆ ಆರಲಿಲ್ಲ, ಅವಳದೂ ಇಲ್ಲ. ಆದರೆ ಚಾವಿ ಮತ್ತೆ ಗೂಟ ಬಿಟ್ಟು ಹೋಗಲಿಲ್ಲ. ಬಿಸಿಲು ಏರುವ ಮುನ್ನ ಒಂದು ರವಿವಾರ ನೀಲಾ ತವರಿಗೆ ಹೊರಟಾಗ ನಿಜಗುಣಪ್ಪ ಕರೆಯದೆಯೇ ಬಂದು ಪಕ್ಕದ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ, ಎದುರಿನಿಂದ ಗಾಡಿ ಬಂದಾಗಲೆಲ್ಲ, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತಿ ಹಿಡಿದ. ಗೇರ್ ಇಳಿಸು ಎಂದು ಹೇಳಲು ಬಾಯಿ ತೆರೆದು ಮುಚ್ಚಿದ.

ತೊರಗಲ್ಲಿನ ಕೋಟೆಯ ಕಡೆ ಹೋಗುವ ಏರಿನಲ್ಲಿ ಗಾಡಿ ನಿಂತಿತು. ಎಂಜಿನ್ ಕೆಟ್ಟದ್ದಲ್ಲ, ನೀಲಾಳ ಕಾಲು ತಪ್ಪಿತ್ತು. ಮತ್ತೆ ಚಾಲೂ ಮಾಡಿದರೆ ಗಾಡಿ ಹಿಂದಕ್ಕೆ ಜಾರಿತು. ನಿಜಗುಣಪ್ಪ ಬಾಗಿಲು ತೆಗೆದು ಇಳಿದ. ನಾನೇ ಹೊಡೆಯುತ್ತೇನೆ ಎನ್ನುತ್ತಾನೆಂದು ಅವಳು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದಳು. ಅವನು ಹಾಗೆ ಅನ್ನಲಿಲ್ಲ. ಬೇಲಿಯ ಬುಡದಿಂದ ದೊಡ್ಡದೊಂದು ಕಲ್ಲು ಎತ್ತಿ ತಂದು ಹಿಂದಿನ ಗಾಲಿಗೆ ಕೊಟ್ಟ.

"ಈಗ ಬಿಡು," ಎಂದ. "ನಿಲ್ಲಬ್ಯಾಡ. ಮ್ಯಾಲ ಸಪಾಟ ಬರೂತನ ನಿಲ್ಲಬ್ಯಾಡ."

ಗಾಡಿ ಗುಟುರು ಹಾಕಿ ಏರಿತು. ನೀಲಾ ನಿಲ್ಲಿಸಲಿಲ್ಲ. ಮೇಲೆ ಸಮತಟ್ಟಿಗೆ ಬಂದು ಬ್ರೇಕ್ ಹಾಕಿ ಕನ್ನಡಿಯಲ್ಲಿ ನೋಡಿದರೆ ಗಂಡ ಕೆಳಗಿನಿಂದ, ಅಂಗಿಯ ತೋಳಿನಿಂದ ಬೆವರು ಒರೆಸುತ್ತ ನಡೆದು ಬರುತ್ತಿದ್ದ. ಏದುಸಿರು ಬಿಡುತ್ತ ಬಂದು ಕೂತು ಬಾಗಿಲು ಎಳೆದುಕೊಂಡ.

"ಮೀನಾ ಈ ದಾರಿಗಿ ಎಂದೂ ಬಂದಿದ್ದಿಲ್ಲ," ಎಂದ, ಮುಂದಿನ ಗಾಜಿನ ಕಡೆ ನೋಡುತ್ತ.

ಅದು ಖರೆಯೋ, ತನ್ನನ್ನು ನಗಿಸಲು ಹೇಳಿದ್ದೋ ನೀಲಾಳಿಗೆ ತಿಳಿಯಲಿಲ್ಲ. ಪಕ್ಕದ ರಾಮದುರ್ಗದವಳು ತೊರಗಲ್ಲಿಗೆ ಬಾರದೆ ಇದ್ದಾಳೇ? ಆದರೂ ಅವಳು ಕೇಳಲಿಲ್ಲ. ಕ್ಲಚ್ ಒತ್ತಿ, ನಿಧಾನವಾಗಿ ಗೇರ್ ಹಾಕಿದಳು.